ಬೆರಿಯಾ ಕೊಟ್ಟ ಎರಡು ಮಾತು

1904ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಶಾಸನಸಭೆ ಒಂದು ಕಾಯ್ದೆ ಮಾಡಿತು. ಬಿಳಿಯರೂ ಕಪ್ಪು ಜನರೂ ಒಂದೇ ವಿದ್ಯಾಸಂಸ್ಥೆಯಲ್ಲಿ ಓದುವಂತಿಲ್ಲ. ಹಾಗೆ ಓದಿಸಿದ ಸಂಸ್ಥೆಗೆ 1,000 ಡಾಲರ್ ದಂಡ. ಪಾಠ ಹೇಳಿದವರಿಗೂ ದಂಡ, ಕೂತು ಕೇಳಿದವರಿಗೂ ದಂಡ. ಸರ್ಕಾರಿ ಶಾಲೆಗಳಲ್ಲಿ ಈ ಬೇರ್ಪಡಿಕೆ 1891ರ ರಾಜ್ಯ ಸಂವಿಧಾನದಲ್ಲೇ ಬರೆದಾಗಿತ್ತು. ಹೊಸ ಕಾಯ್ದೆಯ ಕೈ ಚಾಚಬೇಕಾಗಿದ್ದುದು ಖಾಸಗಿ ಸಂಸ್ಥೆಗಳತ್ತ. ಇಡೀ ರಾಜ್ಯದಲ್ಲಿ ಎರಡೂ ಬಣ್ಣದ ಹುಡುಗ ಹುಡುಗಿಯರನ್ನು ಒಟ್ಟಿಗೆ ಓದಿಸುತ್ತಿದ್ದ ಕಾಲೇಜು ಒಂದೇ ಒಂದು. ಲೆಕ್ಸಿಂಗ್ಟನ್ ನಗರದಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಹುಲ್ಲುಗಾವಲು ಮುಗಿದು ಅಪಲಾಚಿಯನ್ ಗುಡ್ಡಗಳು ಏಳತೊಡಗುವ ಜಾಗದಲ್ಲಿ ಅದು ಇತ್ತು. ಹೆಸರು ಬೆರಿಯಾ. ಕಾಯ್ದೆಯಲ್ಲಿ ಈ ಹೆಸರಿರಲಿಲ್ಲ. ಯಾರಿಗಾಗಿ ಬರೆದ ಕಾಯ್ದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಒಂದು ಒಳ್ಳೆಯ ಕಾಲೇಜನ್ನು ಒಂದು ಕೆಟ್ಟ ಕಾನೂನು ಮುರಿಯಿತು ಎಂದು ಈ ಕಥೆಯನ್ನು ಹೇಳಿ ಮುಗಿಸುವುದು ಸುಲಭ. ಆದರೆ ಕಾನೂನು ಬಾಗಿಲಿಗೆ ಬರುವ ಹೊತ್ತಿಗೆ ಬೆರಿಯಾದ ಒಳಗೇ ಒಂದು ತಕ್ಕಡಿ ವಾಲಿಯಾಗಿತ್ತು. ಆ ಕಾಲೇಜು ಇಬ್ಬರಿಗೆ ಮಾತು ಕೊಟ್ಟಿತ್ತು: ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಮೊದಲು, ಬೆಟ್ಟಸೀಮೆಯ ಬಡ ಬಿಳಿಯರಿಗೆ ಆಮೇಲೆ. ಎರಡನೆಯದನ್ನು ನಡೆಸಲು ಹೊರಟಾಗ ಮೊದಲನೆಯದು ಹಿಂದೆ ಸರಿದದ್ದು ಹೇಗೆ ಎಂಬುದೇ ಬೆರಿಯಾದ ಚರಿತ್ರೆಯ ತಿರುಳು.

ಸ್ಥಾಪಕ ಜಾನ್ ಗ್ರೆಗ್ ಫೀ ಹುಟ್ಟಿದ್ದು 1816ರಲ್ಲಿ, ಕೆಂಟಕಿಯ ಬ್ರ್ಯಾಕನ್ ಕೌಂಟಿಯಲ್ಲಿ. ತಂದೆ ಗುಲಾಮರನ್ನಿಟ್ಟುಕೊಂಡಿದ್ದ ಜಮೀನ್ದಾರ. ಮಗ ಪಾದ್ರಿಯಾಗಲೆಂದು ಓಹಿಯೋ ನದಿ ದಾಟಿ ಸಿನ್ಸಿನಾಟಿಯ ಲೇನ್ ಸೆಮಿನರಿಗೆ ಹೋದ. ಅಲ್ಲಿ ಸಹಪಾಠಿಗಳ ಜೊತೆ ನಡೆದ ವಾದಗಳಲ್ಲಿ ಸೋತು, ಗುಲಾಮಗಿರಿ ಪಾಪ ಎಂಬ ನಂಬಿಕೆಯೊಂದಿಗೆ ಊರಿಗೆ ಬಂದ. ತಂದೆ ಅವನಿಗೆ ಆಸ್ತಿಯಲ್ಲಿ ಪಾಲಿಲ್ಲ ಎಂದ. ಮನೆಯಲ್ಲಿ ಜೂಲಿಯೆಟ್ ಮೈಲ್ಸ್ ಎಂಬ ಹೆಂಗಸು ಗುಲಾಮಳಾಗಿದ್ದಳು. ಅವಳನ್ನು ಮಾರಿಬಿಡುವ ಮಾತು ಬಂದಾಗ ಫೀ ತಾನೇ ದುಡ್ಡು ಕೊಟ್ಟು ತಂದೆಯಿಂದ ಕೊಂಡು ಬಿಡುಗಡೆ ಮಾಡಿದ. ಆದರೆ ಅವಳ ಮಕ್ಕಳು ಹಳೆಯ ಮನೆಯಲ್ಲೇ ಉಳಿದರು. 1858ರಲ್ಲಿ ಅವರನ್ನೂ ಮಾರುವ ಸುದ್ದಿ ತಿಳಿದು, ಜೂಲಿಯೆಟ್ ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ರಾತ್ರೋರಾತ್ರಿ ನದಿಯತ್ತ ಹೊರಟಳು. ದಡ ಮುಟ್ಟುವ ಮೊದಲೇ ಸಿಕ್ಕಿಬಿದ್ದಳು. ಮಕ್ಕಳು ಮಾರಾಟವಾದರು. ಕೆಂಟಕಿಯ ಫ್ರಾಂಕ್‌ಫರ್ಟ್‌ ಜೈಲಿಗೆ ಹೋದ ಅವಳು 1861ರಲ್ಲಿ ಅಲ್ಲೇ ತೀರಿಕೊಂಡಳು. ಬೆರಿಯಾದ ಚರಿತ್ರೆಯಲ್ಲಿ ದೊಡ್ಡ ಹೆಸರುಗಳು ಹಲವಿವೆ. ಅವುಗಳ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ಈ ಹೆಂಗಸು ಎಂದು ನನಗೆ ಅನ್ನಿಸುತ್ತದೆ. ಫೀ ಮುಂದೆ ಯಾವ ರಾಜಿಗೂ ಒಪ್ಪದ ಮನುಷ್ಯನಾದದ್ದರ ಹಿಂದೆ ಈ ಮನೆಯ ನೋವಿದೆ.

ಫೀಗೆ ನೆಲ ಕೊಟ್ಟವನು ಕ್ಯಾಸಿಯಸ್ ಮಾರ್ಸೆಲಸ್ ಕ್ಲೇ. ಸಿರಿವಂತ, ಭಾರಿ ಭಾಷಣಕಾರ, ಸೊಂಟದಲ್ಲಿ ಚೂರಿ ಇಟ್ಟುಕೊಂಡೇ ಗುಲಾಮಗಿರಿಯ ವಿರುದ್ಧ ಮಾತಾಡುತ್ತಿದ್ದ ಗಟ್ಟಿಗ. (ಬಾಕ್ಸರ್ ಮುಹಮ್ಮದ್ ಅಲಿಗೆ ಹುಟ್ಟಿದಾಗ ಇಟ್ಟ ಹೆಸರು, ಅವನ ಅಪ್ಪನ ಮೂಲಕ ಬಂದದ್ದು, ಇದೇ ಕ್ಲೇಯದು.) 1853ರಲ್ಲಿ ಕ್ಲೇ ತನ್ನ ಜಮೀನಿನಲ್ಲಿ 10 ಎಕರೆ ಬಿಟ್ಟುಕೊಟ್ಟ. ಫೀ ಆ ಜಾಗಕ್ಕೆ ಬೈಬಲ್ಲಿನ ಒಂದು ಊರಿನ ಹೆಸರಿಟ್ಟ. ಹೊಸ ಮಾತನ್ನು ತೆರೆದ ಮನಸ್ಸಿನಿಂದ ಕೇಳಿ ಪರೀಕ್ಷಿಸಿ ನೋಡಿದ ಜನರ ಊರು ಅದು. 1855ರಲ್ಲಿ ಒಂದು ಕೋಣೆಯ ಕಟ್ಟಡ ಎದ್ದಿತು. ವಾರವೆಲ್ಲ ಅದು ಶಾಲೆ, ಭಾನುವಾರ ಚರ್ಚು.

ಕ್ಲೇ ಮತ್ತು ಫೀ ಇಬ್ಬರ ಸ್ನೇಹ ಹೆಚ್ಚು ಕಾಲ ನಡೆಯಲಿಲ್ಲ. ಕಾನೂನಿನ ಚೌಕಟ್ಟಿನಲ್ಲಿ, ಹಂತಹಂತವಾಗಿ ಗುಲಾಮಗಿರಿ ತೊಲಗಬೇಕು ಎಂಬುದು ಕ್ಲೇಯ ನಿಲುವು. 1856ರ ಜುಲೈ 4ರ ಸ್ವಾತಂತ್ರ್ಯ ದಿನದ ಸಭೆಯಲ್ಲಿ ಫೀ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಬೇಕೆನ್ನುವ ಕಾನೂನು ದೇವರ ಕಾನೂನಿಗೆ ವಿರುದ್ಧ, ಅದನ್ನು ಪಾಲಿಸಬೇಕಾಗಿಲ್ಲ ಎಂದುಬಿಟ್ಟ. ಅದೇ ವೇದಿಕೆಯಲ್ಲಿ ಕ್ಲೇ ಎದ್ದು ವಿರೋಧಿಸಿದ. ಅಂದಿನಿಂದ ಫೀಗೆ ಬಲವಾದ ಆಸರೆ ತಪ್ಪಿತು. ಗುಂಪುಗಳು ಅವನನ್ನು ಅಟ್ಟಾಡಿಸುವುದು ಹೆಚ್ಚಾಯಿತು.

ಆದರೂ ಶಾಲೆ ಬೆಳೆಯಿತು. 1858ರಲ್ಲಿ ಓಹಿಯೋದ ಓಬರ್ಲಿನ್ ಕಾಲೇಜಿನಲ್ಲಿ ಓದಿದ ಜಾನ್ ರಾಜರ್ಸ್ ತನ್ನ ಹೆಂಡತಿ ಎಲಿಜಬೆತ್ ಜೊತೆ ಬಂದು ಪಾಠ ಶುರುಮಾಡಿದ. ಹೆಂಗಸರನ್ನೂ ಕಪ್ಪು ಜನರನ್ನೂ ಅದಾಗಲೇ ಸೇರಿಸಿಕೊಳ್ಳುತ್ತಿದ್ದ ಓಬರ್ಲಿನ್, ಬೆರಿಯಾದವರ ಕಣ್ಣ ಮುಂದಿನ ಮಾದರಿ. 1859ರಲ್ಲಿ ಕಾಲೇಜಿನ ಸಂವಿಧಾನವೂ ಸಿದ್ಧವಾಯಿತು. ಈ ಸಂಸ್ಥೆ ಯಾವ ಪಂಗಡಕ್ಕೂ ಸೇರಿದ್ದಲ್ಲ, ಗುಲಾಮಗಿರಿಗೂ ಜಾತಿಭೇದಕ್ಕೂ ವಿರೋಧಿ ಎಂದು ಅದರಲ್ಲಿ ಬರೆದರು. ನಮ್ಮ ಕಿವಿಗೆ ತೀರ ಪರಿಚಿತವಾದ ಜಾತಿ ಎಂಬುದನ್ನೇ ಹೆಸರಿಸಿದ್ದರು. ಗುಲಾಮಗಿರಿ ಅಳಿದ ಮೇಲೂ ಮೇಲುಕೀಳು ಉಳಿಯುತ್ತದೆ ಎಂಬುದು ಅವರಿಗೆ ಮೊದಲೇ ಕಂಡಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ, ಗುಲಾಮರನ್ನು ದಂಗೆಯೆಬ್ಬಿಸಲೆಂದು ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿದ. ದಕ್ಷಿಣದ ಬಿಳಿಯರಲ್ಲಿ ಗುಲಾಮರ ದಂಗೆಯ ಭಯ ಕಾಡ್ಗಿಚ್ಚಾಯಿತು. ಫೀ ಆಗ ಹಣ ಕೂಡಿಸಲು ಪೂರ್ವದ ಊರುಗಳಲ್ಲಿದ್ದ. ಬ್ರೂಕ್ಲಿನ್ನಿನ ಒಂದು ಚರ್ಚಿನಲ್ಲಿ, ಬ್ರೌನ್ ಹಿಡಿದ ದಾರಿ ಬೇಡ, ಅವನಲ್ಲಿದ್ದ ಸಮರ್ಪಣೆ ಬೇಕು ಎಂಬರ್ಥದ ಮಾತಾಡಿದ. ಕೆಂಟಕಿಯ ಪತ್ರಿಕೆಗಳಲ್ಲಿ ಮೊದಲರ್ಧ ಬಿಟ್ಟುಹೋಗಿ, ಫೀಗೆ ಇನ್ನಷ್ಟು ಜಾನ್ ಬ್ರೌನ್‌ಗಳು ಬೇಕಂತೆ ಎಂದಷ್ಟೇ ಉಳಿಯಿತು. ಡಿಸೆಂಬರ್ 23ರಂದು ಆಯುಧ ಹಿಡಿದ 60ಕ್ಕೂ ಹೆಚ್ಚು ಮಂದಿ ಕುದುರೆಗಳ ಮೇಲೆ ಬೆರಿಯಾಕ್ಕೆ ಬಂದರು. ಅವರು ಪುಂಡರಲ್ಲ, ಕೌಂಟಿಯ ಗಣ್ಯರು. ಮನೆಮನೆಗೆ ಹೋಗಿ, ಹತ್ತು ದಿನದಲ್ಲಿ ರಾಜ್ಯ ಬಿಟ್ಟು ತೊಲಗಬೇಕೆಂದು ಹೇಳಿದರು. ರಾಜ್ಯಪಾಲನ ಬಳಿ ರಕ್ಷಣೆ ಕೇಳಿದರೆ, ತನ್ನಿಂದ ಆಗದು ಎಂಬ ಉತ್ತರ ಬಂತು. ವರ್ಷ ಮುಗಿಯುವ ಮೊದಲೇ ಬೆರಿಯಾದ ಮೇಷ್ಟರುಗಳು, ಹೆಂಡಿರು ಮಕ್ಕಳು ನದಿ ದಾಟಿ ಸಿನ್ಸಿನಾಟಿ ಸೇರಿದರು.

ಅಂತರ್ಯುದ್ಧ ಎಲ್ಲವನ್ನೂ ಬುಡಮೇಲು ಮಾಡಿತು. 1864ರಲ್ಲಿ ಕೆಂಟಕಿಯ ಕ್ಯಾಂಪ್ ನೆಲ್ಸನ್ ಕಪ್ಪು ಸೈನಿಕರ ದೊಡ್ಡ ತರಬೇತಿ ಶಿಬಿರವಾಯಿತು. ಹತ್ತು ಸಾವಿರ ಮಂದಿ ಅಲ್ಲಿ ಸಮವಸ್ತ್ರ ತೊಟ್ಟರು. ಸೇನೆಗೆ ಸೇರಿದವನಿಗೆ ಬಿಡುಗಡೆ ಸಿಗುತ್ತಿತ್ತು. ಅವನ ಬೆನ್ನಿಗೆ ಬಂದ ಹೆಂಡತಿ ಮಕ್ಕಳಿಗೆ ಆಗ ಸಿಗುತ್ತಿರಲಿಲ್ಲ. ಆ ನವೆಂಬರಿನ ಕೊರೆಯುವ ಚಳಿಯಲ್ಲಿ ಸೇನಾಧಿಕಾರಿ ಸುಮಾರು 400 ಹೆಂಗಸರು ಮಕ್ಕಳನ್ನು ಶಿಬಿರದಿಂದ ಹೊರದೂಡಿ ಗುಡಿಸಲುಗಳನ್ನು ಕೆಡವಿಸಿದ. ನೂರರಷ್ಟು ಜನ ಸತ್ತರು. ಸುದ್ದಿ ವಾಷಿಂಗ್ಟನ್ನಿನವರೆಗೂ ಹೋಗಿ ಮರುವರ್ಷ ಸೈನಿಕರ ಕುಟುಂಬಗಳಿಗೂ ಬಿಡುಗಡೆ ಕೊಡುವ ಕಾನೂನು ಬಂತು.

ಫೀ ಆ ಶಿಬಿರದಲ್ಲೇ ಇದ್ದ. ಸೈನಿಕರಿಗೆ ಅಕ್ಷರ ಕಲಿಸುತ್ತಿದ್ದ. 1865ರಲ್ಲಿ ಡ್ಯಾನ್‌ವಿಲ್‌ನ ಬೆಲ್ ಮಿಚೆಲ್ ಎಂಬ ಕಪ್ಪು ಹುಡುಗಿಯನ್ನು ಟೀಚರಾಗಿ ಕರೆತಂದು, ಊಟದ ಹೊತ್ತಿಗೆ ಎಲ್ಲರೂ ಉಣ್ಣುವ ಕೋಣೆಯಲ್ಲಿ ತನ್ನ ಮೇಜಿನಲ್ಲೇ ಕೂರಿಸಿದ. ಗುಲಾಮಗಿರಿ ಬೇಡವೆಂದು ಯುದ್ಧಕ್ಕೆ ಬಂದಿದ್ದ ಬಿಳಿಯ ಅಧಿಕಾರಿಗಳೂ, ಕಪ್ಪು ಮಕ್ಕಳಿಗೆ ಪಾಠ ಹೇಳಲೆಂದೇ ಬಂದಿದ್ದ ಬಿಳಿಯ ಟೀಚರುಗಳೂ ಎದ್ದು ಹೋದರು. ಹುಡುಗಿಯನ್ನು ಬೇರೆ ಕಡೆ ಉಣ್ಣಲು ಕಳಿಸಿ ಎಂದು ಒತ್ತಾಯ ಬಂದರೂ ಫೀ ಒಪ್ಪಲಿಲ್ಲ. ಆದರೆ ಅವನು ಊರಲ್ಲಿಲ್ಲದ ದಿನ ನೋಡಿ ಅವಳನ್ನು ಕೆಲಸದಿಂದ ತೆಗೆದರು. ಪಾಠ ಹೇಳುವುದಕ್ಕೂ ಜೊತೆಗೆ ಉಣ್ಣುವುದಕ್ಕೂ ಇರುವ ದೂರ ಎಷ್ಟೆಂಬುದನ್ನು ಫೀ ಅಲ್ಲಿ ಕಂಡ. ಯುದ್ಧ ಮುಗಿದ ಮೇಲೆ ಕಟ್ಟುವ ಕಾಲೇಜಿನಲ್ಲಿ ತರಗತಿ, ಹಾಸ್ಟೆಲ್, ಊಟದ ಮೇಜು ಯಾವುದರಲ್ಲೂ ಪಂಕ್ತಿಭೇದ ಇರಕೂಡದು ಎಂದು ಹಟ ಹಿಡಿದ.

1866ರಲ್ಲಿ ಬೆರಿಯಾ ಮತ್ತೆ ತೆರೆಯಿತು. ಮಾರ್ಚಿನ ಒಂದು ಬೆಳಿಗ್ಗೆ ಮೊದಲ ಕಪ್ಪು ಮಕ್ಕಳು ತರಗತಿಯೊಳಗೆ ಕಾಲಿಟ್ಟಾಗ 27 ಬಿಳಿಯ ವಿದ್ಯಾರ್ಥಿಗಳು ಎದ್ದು ಹೊರನಡೆದರು. ಮೇಷ್ಟರು ಪಾಠ ಮುಂದುವರಿಸಿದರು. ಹೋದವರಲ್ಲಿ ಕೆಲವರು ನಿಧಾನವಾಗಿ ಹಿಂದಿರುಗಿದರು. ಸುತ್ತಮುತ್ತ ಅಷ್ಟು ಒಳ್ಳೆಯ ಶಾಲೆ ಬೇರೊಂದಿರಲಿಲ್ಲ. ಕ್ಯಾಂಪ್ ನೆಲ್ಸನ್ನಿನಲ್ಲಿ ಹದಿಹರೆಯದಲ್ಲೇ ಸಾರ್ಜೆಂಟ್ ಆಗಿದ್ದ ಆಂಗಸ್ ಬರ್ಲೆ ಫೀಯ ಕರೆಗೆ ಓಗೊಟ್ಟು ಓದಲು ಬಂದ; 1875ರಲ್ಲಿ ಪದವಿ ಪಡೆದ. ಫೀ ಮಾತನ್ನು ನಂಬಿ ಹಲವು ಕಪ್ಪು ಕುಟುಂಬಗಳು ಬಂದು ಜಮೀನು ಕೊಂಡು ಬಿಳಿಯರ ನಡುನಡುವೆ ಮನೆ ಕಟ್ಟಿಕೊಂಡವು. 1866–67ರಲ್ಲಿ ಇದ್ದವರು 187 ವಿದ್ಯಾರ್ಥಿಗಳು: ಕಪ್ಪು 96, ಬಿಳಿ 91.

ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದದ್ದು ಆ ಕಾಲದ ಅಮೆರಿಕದಲ್ಲಿ ಬೇರೆಡೆ ಕಾಣಸಿಗದ ಬದುಕು. 1869ರಲ್ಲಿ ಓಬರ್ಲಿನ್ ಬಳಗದ ಎಡ್ವರ್ಡ್ ಹೆನ್ರಿ ಫೇರ್‌ಚೈಲ್ಡ್ ಮೊದಲ ಅಧ್ಯಕ್ಷನಾಗಿ ಬಂದ. ಅದೇ ವರ್ಷ ಕಾಲೇಜು ತರಗತಿಗಳು ಶುರುವಾದವು. 1873ರಲ್ಲಿ ಮೊದಲ ಪದವಿಗಳು. ಮುಂಚೂಣಿಯ ಕಾಲೇಜುಗಳಂತೆ ಇಲ್ಲೂ ಗ್ರೀಕ್, ಲ್ಯಾಟಿನ್, ಗಣಿತ, ತತ್ವಶಾಸ್ತ್ರ. ಕಪ್ಪು ಜನರಿಗೆ ಕೈಕಸುಬು ಕಲಿಸಿದರೆ ಸಾಕು ಎಂಬ ವಾದ ಆಗ ದೇಶದಲ್ಲಿ ಬಲವಾಗುತ್ತಿತ್ತು. ಬೆರಿಯಾ ಅದನ್ನು ಒಪ್ಪದೆ, ಗುಲಾಮರ ಮಕ್ಕಳಿಗೂ ಅದೇ ಓದು ಎಂದಿತು. ಜೂಲಿಯಾ ಬ್ರಿಟನ್ ಎಂಬ ಕಪ್ಪು ಯುವತಿ ವಿದ್ಯಾರ್ಥಿನಿಯಾಗಿದ್ದಾಗಲೇ ಸಂಗೀತದ ಪಾಠ ಹೇಳುತ್ತಿದ್ದಳು. ಬಿಳಿಯ ಮಕ್ಕಳು ಅವಳ ಬಳಿ ಕೂತು ಪಿಯಾನೋ ಕಲಿತರು. ಬಿಳಿಯ ಹುಡುಗ ಕಪ್ಪು ಹುಡುಗಿ ಜೊತೆಯಾಗಿ ಓಡಾಡುವ ಪ್ರಶ್ನೆ ಬಂದಾಗ, 1872ರಲ್ಲಿ ಆಡಳಿತ ಮಂಡಳಿ ಕೆಲವು ಷರತ್ತು ಹಾಕಿ ಒಪ್ಪಿಗೆಯನ್ನೇ ಕೊಟ್ಟಿತು. ದಕ್ಷಿಣದ ಬೇರೆ ಕಡೆ ಇಂಥದ್ದಕ್ಕೆ ಜೀವ ತೆಗೆಯುತ್ತಿದ್ದರು.

ಮಗ್ಗುಲು ಬದಲಾದದ್ದು 1892ರಲ್ಲಿ, ವಿಲಿಯಂ ಗುಡೆಲ್ ಫ್ರಾಸ್ಟ್ ಅಧ್ಯಕ್ಷನಾದಾಗ. ಓಬರ್ಲಿನ್ನಿನಲ್ಲಿ ಗ್ರೀಕ್ ಪಾಠ ಹೇಳುತ್ತಿದ್ದವನು. ಕಾಲೇಜಿನ ಕೈಯಲ್ಲಿ ಕಾಸಿರಲಿಲ್ಲ. ಯುದ್ಧದ ನೆನಪು ಮಸುಕಾಗಿ, ಕಪ್ಪು ಜನರ ಓದಿಗೆಂದು ಕೈಬಿಚ್ಚುತ್ತಿದ್ದ ಉತ್ತರದ ದಾನಿಗಳ ಉತ್ಸಾಹ ಇಳಿದಿತ್ತು. ಫ್ರಾಸ್ಟ್ ಕುದುರೆಯೇರಿ ಪೂರ್ವದ ಬೆಟ್ಟಗಳನ್ನು ಸುತ್ತಿದ. ದಾರಿಯಿಲ್ಲದ ಕಣಿವೆಗಳಲ್ಲಿ ಮರದ ದಿಮ್ಮಿಯ ಮನೆಗಳು, ಓದು ಬಾರದ, ಚೂಟಿಯಾದ, ಬಡ ಬಿಳಿಯ ಜನ. 1899ರಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದ ಲೇಖನದಲ್ಲಿ, ಇವರು ನಮ್ಮ ಕಾಲದಲ್ಲೇ ಬದುಕುತ್ತಿರುವ ನಮ್ಮ ಪೂರ್ವಿಕರು ಎಂಬ ಚಿತ್ರ ಕೊಟ್ಟ. ಈ ಚಿತ್ರ ದಾನಿಗಳ ಮನಸ್ಸಿಗೆ ನಾಟಿತು. ಬೆಟ್ಟದ ಹೆಂಗಸರು ಮನೆಯ ಮಗ್ಗದಲ್ಲಿ ನೇದ ಉಣ್ಣೆಯ ಹೊದಿಕೆಗಳನ್ನು ಮಕ್ಕಳ ಓದಿನ ಖರ್ಚಿಗೆ ಬದಲಾಗಿ ತಂದು ಕೊಡುತ್ತಿದ್ದರು. ಫ್ರಾಸ್ಟ್ ಅವನ್ನು ಉತ್ತರದ ಶ್ರೀಮಂತರ ಮನೆಗಳಿಗೆ ಒಯ್ದು ತೋರಿಸುತ್ತಿದ್ದ. ಹಣ ಹರಿದು ಬಂತು. 1892ರಿಂದಲೇ ಬೆರಿಯಾ ಬೋಧನಾ ಶುಲ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು.

ಶುಲ್ಕವಿಲ್ಲದ ಕಾಲೇಜಿಗೆ ಬೆಟ್ಟದ ಮಕ್ಕಳು ಸಾಲುಗಟ್ಟಿ ಬಂದರು. ಬರಬೇಕಾದ್ದೇ. ಆದರೆ ಫೇರ್‌ಚೈಲ್ಡ್ ಕಾಲದಲ್ಲಿ ಬಹುತೇಕ ಅರ್ಧ ಅಥವಾ ಅದಕ್ಕೂ ಹೆಚ್ಚಿದ್ದ ಕಪ್ಪು ವಿದ್ಯಾರ್ಥಿಗಳು, ಹೊಸ ಶತಮಾನದ ಆರಂಭಕ್ಕೆ ಐವರಲ್ಲಿ ಒಬ್ಬರೂ ಇರಲಿಲ್ಲ. ಕಪ್ಪು ಅಧ್ಯಾಪಕರಿಗೆ ಜಾಗ ಸಿಗುತ್ತಿಲ್ಲ, ಹಳೆಯ ಸಮಾನತೆ ಸಡಿಲವಾಗುತ್ತಿದೆ ಎಂದು ಕಪ್ಪು ಹಳೆಯ ವಿದ್ಯಾರ್ಥಿಗಳು ಬಹಿರಂಗವಾಗಿ ಪ್ರತಿಭಟಿಸಿದರು. ಮುಪ್ಪಿನ ಫೀಗೂ ಈ ವಾಲಿಕೆ ಹಿಡಿಸಲಿಲ್ಲ. ಅವನು 1901ರ ಜನವರಿಯಲ್ಲಿ ತೀರಿಕೊಂಡ.

ಇತಿಹಾಸಕಾರರು ಬೇರೆಬೇರೆ ದಾರಿ ಹಿಡಿಯುವುದು ಇಲ್ಲೇ. ಫ್ರಾಸ್ಟ್ ಇಲ್ಲದಿದ್ದರೆ ಕಾಲೇಜೇ ಮುಚ್ಚುತ್ತಿತ್ತು, ಅವನು ಎರಡನೆಯ ಬಡ ಜನವನ್ನು ಕಂಡುಹಿಡಿದ ಎನ್ನುವವರು ಒಂದು ಕಡೆ. ಶತಮಾನೋತ್ಸವದ ಹೊತ್ತಿಗೆ ಬೆರಿಯಾದ ಚರಿತ್ರೆ ಬರೆದ ಎಲಿಜಬೆತ್ ಪೆಕ್ ಆ ಸಾಲಿನವರು. ಫ್ರಾಸ್ಟ್ ಸ್ಥಾಪಕರ ಕನಸನ್ನು ಕೈಬಿಟ್ಟ, ಕಾಯ್ದೆಗೆ ನೆಲ ಹದಮಾಡಿಕೊಟ್ಟ ಎನ್ನುವ ರಿಚರ್ಡ್ ಸಿಯರ್ಸ್‌ರಂಥವರು ಇನ್ನೊಂದು ಕಡೆ. ಫ್ರಾಸ್ಟ್‌ನ ಮನಸ್ಸಿನಲ್ಲಿ ದ್ರೋಹವಿತ್ತೆಂದು ನನಗೆ ಅನ್ನಿಸುವುದಿಲ್ಲ. ಆದರೆ ದಾನಿಗೆ ಯಾವ ಬಡವ ಹಿಡಿಸುತ್ತಾನೋ ಆ ಬಡವನ ಕಡೆಗೇ ಸಂಸ್ಥೆ ಹೊರಳಿತು, ಅದನ್ನು ತಡೆಯಬಲ್ಲವನು ತಡೆಯಲಿಲ್ಲ. ಈ ಲೆಕ್ಕದಲ್ಲಿ ಅವನ ಪಾಲು ದೊಡ್ಡದು.

ಹೊರಗೆ ಗಾಳಿಯೂ ಅತ್ತಲೇ ಬೀಸುತ್ತಿತ್ತು. ಕೆಂಟಕಿ 1892ರಲ್ಲಿ ರೈಲುಗಳಲ್ಲಿ ಬೇರೆಬೇರೆ ಬೋಗಿಯ ಕಾನೂನು ತಂದಿತು. 1896ರಲ್ಲಿ ಪ್ಲೆಸ್ಸಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ಬೇರ್ಪಡಿಕೆಗೆ ಮುದ್ರೆಯೊತ್ತಿತು. 1904ರ ಜನವರಿಯಲ್ಲಿ ಬೆಟ್ಟಸೀಮೆಯ ಬ್ರೆಥಿಟ್ ಕೌಂಟಿಯ ಶಾಸಕ ಕಾರ್ಲ್ ಡೇ ಮಸೂದೆ ಮಂಡಿಸಿದ. ಬೆರಿಯಾದ ರೈಲು ನಿಲ್ದಾಣದಲ್ಲಿ ಒಬ್ಬ ಬಿಳಿಯ ಹುಡುಗಿ ಮತ್ತು ಒಬ್ಬ ಕಪ್ಪು ಹುಡುಗಿ ಅಪ್ಪಿಕೊಂಡದ್ದನ್ನು ಕಂಡು ಅವನು ಸಿಟ್ಟಾದ ಎಂಬ ಕಥೆ ಇಂದಿಗೂ ಓಡಾಡುತ್ತದೆ. ಅದು ನಿಜವಿರಲಿ ಬಿಡಲಿ, ಫ್ರಾಸ್ಟ್ ಶಾಸಕರ ಮುಂದೆ ನಿಂತು ವಾದಿಸಿದರೂ ಮಸೂದೆ ಭಾರಿ ಬಹುಮತದಿಂದ ಪಾಸಾಯಿತು. ಬೇಕಿದ್ದರೆ ಇನ್ನೊಂದು ಬಣ್ಣದವರಿಗೆ ಶಾಖೆ ತೆರೆಯಿರಿ, ಅದು ಕನಿಷ್ಠ 25 ಮೈಲಿ ದೂರವಿರಲಿ ಎಂಬ ಕಲಮೂ ಅದರಲ್ಲಿತ್ತು. ಜುಲೈನಲ್ಲಿ ಡೇ ಕಾಯ್ದೆ ಜಾರಿಗೆ ಬಂತು. ಅದಕ್ಕೆ ಒಂದು ವರ್ಷ ಮುಂಚೆ, 1903ರಲ್ಲಿ, ಬೆರಿಯಾದಿಂದ ಪದವಿ ಪಡೆದವರಲ್ಲಿ ಕಾರ್ಟರ್ ವುಡ್ಸನ್ ಒಬ್ಬ. ಗುಲಾಮರಾಗಿದ್ದವರ ಮಗ, ಕಲ್ಲಿದ್ದಲ ಗಣಿಯಲ್ಲಿ ದುಡಿದು ಓದಿದವನು. ಮುಂದೆ ಹಾರ್ವರ್ಡ್‌ನ ಡಾಕ್ಟರೇಟ್ ಪಡೆದು, ಕಪ್ಪು ಜನರ ಚರಿತ್ರೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದ.

ಕಾಲೇಜು ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು 1,000 ಡಾಲರ್ ದಂಡ ಹಾಕಿತು. ರಾಜ್ಯದ ಮೇಲ್ಮನವಿ ಕೋರ್ಟು 25 ಮೈಲಿಯ ಕಲಮನ್ನು ಮಾತ್ರ ತಳ್ಳಿಹಾಕಿ ಉಳಿದದ್ದನ್ನು ಎತ್ತಿಹಿಡಿಯಿತು. 1908ರ ನವೆಂಬರ್ 9ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ನ್ಯಾಯಮೂರ್ತಿ ಬ್ರೂವರ್ ಬರೆದ ಬಹುಮತದ ತೀರ್ಪು ಜನಾಂಗದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಒಂದು ಓರೆದಾರಿ ಹಿಡಿಯಿತು: ಕಾಲೇಜು ರಾಜ್ಯದ ಸನದಿನಿಂದ ಹುಟ್ಟಿದ ಸಂಸ್ಥೆ, ಸನದನ್ನು ತಿದ್ದುವ ಅಧಿಕಾರ ರಾಜ್ಯಕ್ಕಿದೆ, ಅಷ್ಟೇ ಸಾಕು. ಭಿನ್ನಮತ ಬರೆದವನು ಜಾನ್ ಮಾರ್ಷಲ್ ಹಾರ್ಲನ್. ಇವನೂ ಕೆಂಟಕಿಯವನೇ, ಗುಲಾಮರನ್ನಿಟ್ಟುಕೊಂಡಿದ್ದ ಮನೆತನದವನೇ. ಪ್ಲೆಸ್ಸಿ ಪ್ರಕರಣದಲ್ಲಿ ಒಂಟಿಯಾಗಿ ವಿರೋಧಿಸಿದ್ದವನು. ಇಷ್ಟಪಟ್ಟು ಒಟ್ಟಿಗೆ ಓದುವವರನ್ನು ತಡೆಯಬಹುದಾದರೆ, ನಾಳೆ ಒಂದೇ ಚರ್ಚಿನಲ್ಲಿ ಕೂರುವುದನ್ನು, ಒಂದೇ ಸಂತೆಯಲ್ಲಿ ಸೇರುವುದನ್ನು ರಾಜ್ಯ ತಡೆಯಲಾರದೇ ಎಂದು ಕೇಳಿದ. ಬಹುಮತ ಅದಕ್ಕೆ ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಬೆರಿಯಾದ ಮಂಡಳಿ ಒಂದು ಆಯ್ಕೆ ಮಾಡಿಯಾಗಿತ್ತು. ಇಬ್ಬರಲ್ಲಿ ಒಬ್ಬರು ಹೋಗಬೇಕು. ಹೋದವರು ಕಪ್ಪು ವಿದ್ಯಾರ್ಥಿಗಳು. ಫಿಸ್ಕ್‌ನಂಥ ಬೇರೆ ಕಾಲೇಜುಗಳಿಗೆ ಅವರನ್ನು ಕಳಿಸಿ ಪ್ರಯಾಣದ ಖರ್ಚನ್ನು, ಓದಿನ ನೆರವನ್ನು ಬೆರಿಯಾ ಕೊಟ್ಟಿತು. ಅದು ಸಣ್ಣ ಮಾತಲ್ಲ, ಆದರೆ ಕಾಲೇಜನ್ನು ನಂಬಿ ಊರಲ್ಲಿ ಜಮೀನು ಕೊಂಡ ಸೈನಿಕರ ಮಕ್ಕಳಿಗೆ ಆ ಖರ್ಚು ಏನು ಸಮಾಧಾನ ಕೊಟ್ಟೀತು? ಕಣ್ಣೆದುರಿನ ಕಾಲೇಜಿಗೆ ಅವರು ಹೋಗುವಂತಿರಲಿಲ್ಲ. ಮುಂದಿನ ದಶಕಗಳಲ್ಲಿ ಹಲವರು ಊರನ್ನೇ ಬಿಟ್ಟರು.

ಕಪ್ಪು ವಿದ್ಯಾರ್ಥಿಗಳಿಗೆಂದು ಬೇರೆ ಸಂಸ್ಥೆ ಕಟ್ಟಲು ಉದ್ಯಮಿ ಆಂಡ್ರ್ಯೂ ಕಾರ್ನೆಗಿ 2 ಲಕ್ಷ ಡಾಲರ್ ಕೊಟ್ಟ, ಉಳಿದದ್ದನ್ನು ನೀವು ಕೂಡಿಸಿ ಎಂಬ ಷರತ್ತಿನ ಮೇಲೆ. ಬೆರಿಯಾದಲ್ಲೇ 1892ರಲ್ಲಿ ಪದವಿ ಪಡೆದ ಜೇಮ್ಸ್ ಬಾಂಡ್ ಊರೂರು ತಿರುಗಿ ಹಣ ಕೂಡಿಸಿದ. 1912ರಲ್ಲಿ ಸಿಂಪ್ಸನ್‌ವಿಲ್ ಬಳಿ ಲಿಂಕನ್ ಇನ್‌ಸ್ಟಿಟ್ಯೂಟ್ ಬಾಗಿಲು ತೆರೆಯಿತು. ಅಲ್ಲಿ ಹೆಚ್ಚಿನ ಒತ್ತು ಬೇಸಾಯ, ಬಡಗಿ ಕೆಲಸ, ಮನೆವಾರ್ತೆಗೆ. ಗ್ರೀಕ್ ತತ್ವಜ್ಞಾನ ಓದುತ್ತಿದ್ದ ಮಕ್ಕಳ ತಮ್ಮ ತಂಗಿಯರಿಗೆ ಗರಗಸ ಸಿಕ್ಕಿತು. ಬೆರಿಯಾ ಕಳೆದುಕೊಂಡದ್ದರಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದು. ಆದರೂ ಆ ಶಾಲೆಯಿಂದ ಒಳ್ಳೆಯವರು ಬಂದರು; ನಾಗರಿಕ ಹಕ್ಕುಗಳ ಮುಖಂಡ ವಿಟ್ನಿ ಯಂಗ್ ಹುಟ್ಟಿ ಬೆಳೆದದ್ದು ಅದರ ಆವರಣದಲ್ಲೇ.

1904ರಿಂದ 1950ರವರೆಗೆ ಬೆರಿಯಾ ಬಿಳಿಯರ ಕಾಲೇಜು. ಇಂದು ಲೋಕಕ್ಕೆ ಗೊತ್ತಿರುವ ಅದರ ಮುಖ ಮೂಡಿದ್ದು ಈ ಕಾಲದಲ್ಲೇ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಬೇಕು. ಅದು ಶಿಕ್ಷೆಯಲ್ಲ, ದಾನಕ್ಕೆ ಬದಲಿಯೂ ಅಲ್ಲ, ಓದಿನ ಭಾಗ. ಹುಡುಗರು ಹುಡುಗಿಯರು ಹಸು ಕರೆದರು, ಬೇಕರಿಯಲ್ಲಿ ಹಿಟ್ಟು ನಾದಿದರು, 1909ರಲ್ಲಿ ತೆರೆದ ಬೂನ್ ಟಾವರ್ನ್ ಹೋಟೆಲಿನಲ್ಲಿ ಬಡಿಸಿದರು. ಪೊರಕೆ ಕಟ್ಟುವ ಕೆಲಸ ಇಂದಿಗೂ ನಡೆಯುತ್ತದೆ: ನಮ್ಮ ಜೋಳದ ಜಾತಿಗೆ ಸೇರಿದ ಒಂದು ಗಿಡದ ಒಣಗಿದ ತೆನೆಕಡ್ಡಿಗಳನ್ನು ಹಿಡಿಯ ಸುತ್ತ ಜೋಡಿಸಿ, ತಂತಿಯಿಂದ ಬಿಗಿದು, ಚಪ್ಪಟೆಯಾಗಿ ಒತ್ತಿ ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಯುತ್ತಾರೆ. ಹಾಗೆ ದುಡಿದು ಓದಿದವರಲ್ಲಿ 1937ರಲ್ಲಿ ಪದವಿ ಪಡೆದ ಜಾನ್ ಫೆನ್‌ಗೆ 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕಲ್ಲಿದ್ದಲ ಸೀಮೆಯ ಬಡತನದಲ್ಲಿ ಬೆಳೆದ ಜುವಾನಿಟಾ ಕ್ರೆಪ್ಸ್ ಅಮೆರಿಕದ ವಾಣಿಜ್ಯ ಮಂತ್ರಿಯಾದಳು. ಎರಡನೆಯ ಮಾತನ್ನು ಬೆರಿಯಾ ನಡೆಸಿಕೊಟ್ಟ ರೀತಿ ದೊಡ್ಡದು. ಅದನ್ನು ಯಾರೂ ಕಡಿಮೆ ಮಾಡಿ ಹೇಳಬಾರದು.

1920ರಲ್ಲಿ ಮಂಡಳಿ ಸದ್ದಿಲ್ಲದೆ ಮಾಡಿದ ಒಂದು ತೀರ್ಮಾನ ಇದಕ್ಕೆಲ್ಲ ಬುನಾದಿ. ಇಂಥದ್ದಕ್ಕೇ ಎಂದು ಹೇಳದೆ ಉಯಿಲಿನಲ್ಲಿ ಬರುವ ಹಣವನ್ನು ಖರ್ಚು ಮಾಡುವಂತಿಲ್ಲ, ಮೂಲನಿಧಿಗೆ ಸೇರಿಸಬೇಕು ಎಂಬ ನಿಯಮ ಅದು. ನೂರು ವರ್ಷದಲ್ಲಿ ಆ ನಿಧಿ 100 ಕೋಟಿ ಡಾಲರ್ ದಾಟಿ ಬೆಳೆಯಿತು. ಸುಮಾರು 1,500 ವಿದ್ಯಾರ್ಥಿಗಳ ಪುಟ್ಟ ಕಾಲೇಜು ಯಾರಿಂದಲೂ ಬೋಧನಾ ಶುಲ್ಕ ಕೇಳದೆ ನಡೆಯುತ್ತಿರುವುದು ಅದರ ಬಡ್ಡಿಯ ಬಲದಿಂದ.

1950ರಲ್ಲಿ ಡೇ ಕಾಯ್ದೆಗೆ ತಿದ್ದುಪಡಿಯಾಗಿ ಕಾಲೇಜುಗಳಿಗೆ ಅವಕಾಶ ಸಿಕ್ಕಿತು. ಆ ವರ್ಷವೇ ಬೆರಿಯಾ ಕಪ್ಪು ವಿದ್ಯಾರ್ಥಿಗಳನ್ನು ಮತ್ತೆ ಸೇರಿಸಿಕೊಂಡಿತು. ಐವತ್ತು ವರ್ಷಗಳ ನಂತರ ಅಲ್ಲಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿನಿ ಜೆಸ್ಸಿ ರೀಸರ್ ಜ್ಯಾಂಡರ್. ವರ್ಷ 1954, ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಬೇರ್ಪಡಿಕೆಯನ್ನೇ ಕಿತ್ತೊಗೆದ ವರ್ಷ. ಬಾಗಿಲು ತೆರೆದ ಮಾತ್ರಕ್ಕೆ ಹಳೆಯದು ಮರಳಲಿಲ್ಲ. ಮೊದಮೊದಲು ಬಂದವರು ಬೆರಳೆಣಿಕೆಯಷ್ಟು. 1965ರಲ್ಲಿ ಬೆರಿಯಾದ ವಿದ್ಯಾರ್ಥಿಗಳೂ ಅಧ್ಯಾಪಕರೂ ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾದ ಮೆರವಣಿಗೆಗೆ ಹೋದರು. ಕಪ್ಪು ಅಧ್ಯಾಪಕರು ಬೇಕು, ತಮ್ಮ ಚರಿತ್ರೆಯ ಪಾಠ ಬೇಕು ಎಂದು ಕಪ್ಪು ವಿದ್ಯಾರ್ಥಿಗಳು ಹಟ ಹಿಡಿದರು. ಸ್ಥಾಪಕರು ಬರೆದಿಟ್ಟದ್ದನ್ನೇ ಅವರು ಕಾಲೇಜಿಗೆ ನೆನಪಿಸಬೇಕಾಯಿತು. ಆ ದಶಕದಲ್ಲಿ ಕಾಲೇಜು ತನ್ನ ಧ್ಯೇಯಗಳನ್ನು ಹೊಸದಾಗಿ ಬರೆದಾಗ ಕಪ್ಪು ಬಿಳಿಯರ ಕೂಡು ಶಿಕ್ಷಣ ಮತ್ತು ಅಪಲಾಚಿಯಾದ ಬಡವರ ಓದು, ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿತು.

ಬೇರ್ಪಡಿಕೆಯ ಕೆಂಟಕಿಯಲ್ಲೇ ಹುಟ್ಟಿ ಬೆಳೆದ ಲೇಖಕಿ ಬೆಲ್ ಹುಕ್ಸ್, ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಪಾಠ ಹೇಳಿ 2004ರಲ್ಲಿ ಬೆರಿಯಾಕ್ಕೆ ಬಂದರು. 2021ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಅಲ್ಲಿನ ಪ್ರವೇಶದ ನಿಯಮ ಈಗಲೂ ಖಡಕ್ಕಾಗಿದೆ. ಮನೆಯ ವರಮಾನದ ಲೆಕ್ಕ ನೋಡಿಯೇ ಸೀಟು. ದುಡ್ಡು ಕಟ್ಟಿ ಓದಿಸಬಲ್ಲ ಮನೆಯ ಮಕ್ಕಳಿಗೆ, ಅಂಕ ಎಷ್ಟೇ ಇರಲಿ, ಬೇರೆ ಕಾಲೇಜು ನೋಡಿಕೊಳ್ಳಿ ಎನ್ನುತ್ತಾರೆ. ಕಪ್ಪು ವಿದ್ಯಾರ್ಥಿಗಳ ಪಾಲು ಮತ್ತೆ ಗಣನೀಯವಾಗಿದೆ, ಆದರೆ 1866–67ರ ಅರ್ಧಕ್ಕರ್ಧವನ್ನು ಕಾಲೇಜು ಇನ್ನೂ ಮುಟ್ಟಿಲ್ಲ.